ಬೇಡವೆಂದವರ ಬಾಕಿ

ಹಳೇ ಮೈಸೂರಿನ ಕಡೆಯ ಮನೆಗಳಲ್ಲಿ ‘ವರ್ತನೆ’ ಎಂಬ ಮಾತು ಇನ್ನೂ ಪೂರ್ತಿ ಸತ್ತಿಲ್ಲ. ವರ್ತನೆ ಹಾಲು, ವರ್ತನೆ ಹೂವು, ವರ್ತನೆಯವಳು. ದಿನವೂ ಬಾಗಿಲಿಗೆ ತಂದು ಕೊಟ್ಟುಹೋಗುವುದು, ತಿಂಗಳ ಕೊನೆಗೆ ಲೆಕ್ಕ. ಮುಂಬಯಿಗೆ ಬಂದ ಮೇಲೆ ಇದೇ ಏರ್ಪಾಡಿಗೆ ಮರಾಠಿಯಲ್ಲಿ ‘ರತೀಬು’ ಎನ್ನುತ್ತಾರೆಂದು ಕಲಿತೆ. ಹಾಲು ಬಾರದ ದಿನಕ್ಕೆ ‘ಖಾಡಾ’. ಡೊಂಬಿವಲಿಯ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಕ್ಯಾಲೆಂಡರಿನ ತುಂಬ ಖಾಡಾಗಳ ಗುರುತು. ಆ ಒಪ್ಪಂದಕ್ಕೆ ಕಾಗದವಿರಲಿಲ್ಲ, ಸಹಿ ಇರಲಿಲ್ಲ. ಮುರಿಯಬೇಕೆಂದರೆ ‘ಒಂದನೇ ತಾರೀಕಿನಿಂದ ಬೇಡ’ ಎಂದರೆ ಮುಗಿಯಿತು. ಹಾಲಿನವನು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ, ಅಷ್ಟೇ. ಮುಖ ಸಣ್ಣದು ಮಾಡಿಕೊಳ್ಳುವುದಕ್ಕೆ ಜಿಎಸ್‌ಟಿ ಇಲ್ಲ.

ನಮ್ಮಂಥ ಹೊರನಾಡಿನ ಕನ್ನಡಿಗರು ಮೂರು ನಾಲ್ಕು ವರ್ಷಕ್ಕೊಮ್ಮೆ ಮನೆ ಬದಲಿಸುತ್ತೇವೆ, ಏಳೆಂಟು ವರ್ಷಕ್ಕೊಮ್ಮೆ ಊರನ್ನೇ ಬದಲಿಸುತ್ತೇವೆ. ಪ್ರತಿ ಸಲವೂ ಇಂಟರ್ನೆಟ್ಟು, ನೀರಿನ ಫಿಲ್ಟರು, ಬಾಡಿಗೆ ಪೀಠೋಪಕರಣ, ಏಸಿಯ ವಾರ್ಷಿಕ ನಿರ್ವಹಣೆ, ಕ್ರಿಮಿನಾಶಕ ಸಿಂಪಡಿಸುವವರ ಕರಾರು, ಡಿಶ್ಶು ಎಂದು ಆರೇಳು ಒಪ್ಪಂದಗಳನ್ನು ರದ್ದು ಮಾಡಬೇಕು. ಸೇರುವುದು ಒಂದು ಬೆರಳಿನ ಕೆಲಸ, ಬಿಡುವುದು ಹದಿನೈದು ದಿನದ ಕೆಲಸ ಎಂಬ ಗೊಣಗಾಟ ನಮ್ಮ ಕೂಟಗಳಲ್ಲಿ ಮಾಮೂಲಿ. ಇದು ಆ್ಯಪ್ ಕಾಲದ ಹೊಸ ರೋಗ ಎಂದೇ ಎಲ್ಲರೂ ಭಾವಿಸುತ್ತಾರೆ. ನಾನೂ ವೃತ್ತಿಯಿಂದ ಲೆಕ್ಕಪತ್ರದವನು. ಬಿಲ್ಲಿನ ಹಿಂದಿನ ಕಥೆ ಹುಡುಕುವುದು ಚಟ. ಹುಡುಕುತ್ತ ಹೋದರೆ ಸಿಕ್ಕಿದ್ದು ಬೇರೆಯೇ. ‘ಬೇಡ’ ಎಂದವನಿಂದಲೂ ವಸೂಲಿ ಮಾಡುವ ಹಕ್ಕು ಒಂದು ಕಾಲಕ್ಕೆ ನಮ್ಮ ಕಡೆ ಹೊಲಗದ್ದೆಯ ಹಾಗೆ ಆಸ್ತಿಯಾಗಿತ್ತು. ಅದನ್ನು ಕಿತ್ತುಹಾಕಲು ಒಂದು ಕಾಯ್ದೆಯೇ ಬೇಕಾಯಿತು.

ಅದಕ್ಕೆ ಮತ್ತೆ ವರ್ತನೆಯಿಂದಲೇ ಹೊರಡಬೇಕು. ಈ ಪದಕ್ಕೆ ಹಾಲು ಹೂವಿಗಿಂತ ಹಳೆಯ ಅರ್ಥವೊಂದಿದೆ: ರೂಢಿಯಿಂದ ಸಲ್ಲಬೇಕಾದ ಪಾವತಿ. ಊರಿನ ಅಗಸ, ಕುಂಬಾರ, ಬಡಗಿ, ಕ್ಷೌರಿಕ, ತಳವಾರ ಮುಂತಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದಲೇ ಪಾಲು ಹೋಗುತ್ತಿತ್ತು. ಮಹಾರಾಷ್ಟ್ರದಲ್ಲಿ ಇದೇ ಬಲುತೆ. ಮನೆಮನೆಗೆ ಬೇಕಾದ ಸೇವೆಗಳೆಲ್ಲ ಇದರೊಳಗಿದ್ದವು. ಇಂದಿನ ಭಾಷೆಯಲ್ಲಿ ಪೂರ್ತಿ ಊರಿಗೆ ಒಂದೇ ವಾರ್ಷಿಕ ಚಂದಾ. ಇದರಲ್ಲಿ ಇಲ್ಲದೇ ಇದ್ದದ್ದು ಒಂದೇ, ರದ್ದು ಮಾಡುವ ಅವಕಾಶ. ಅಗಸ ಸರಿಯಾಗಿ ಒಗೆಯುವುದಿಲ್ಲವೆಂದು ಪಕ್ಕದೂರಿನ ಅಗಸನನ್ನು ಕರೆಯುವಂತಿರಲಿಲ್ಲ. ಅಗಸನೂ ‘ಈ ಮನೆಯ ಬಟ್ಟೆ ನನಗೆ ಬೇಡ’ ಎನ್ನುವಂತಿರಲಿಲ್ಲ. ಹಳೆಯ ಹಳ್ಳಿಯ ಸಾಮರಸ್ಯ ಎಂದು ಹಾಡಿಹೊಗಳುವವರು ಈ ಎರಡನೆಯ ವಾಕ್ಯವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಈ ಸಾಲಿನಲ್ಲಿ ಊರ ಜೋಶಿಯದು ವಿಶೇಷ ಸ್ಥಾನ. ಪಂಚಾಂಗ ಹೇಳುವುದು, ಮುಹೂರ್ತ ಇಡುವುದು, ಮದುವೆ ಮಾಡಿಸುವುದು ಅವನ ವತನ. ಮುಂಬಯಿ ಪ್ರಾಂತ್ಯದಲ್ಲಿ ಬ್ರಿಟಿಷ್ ನ್ಯಾಯಾಲಯಗಳು ಬಂದ ಮೇಲೆ ಒಂದು ಪ್ರಶ್ನೆ ಎದ್ದಿತು. ಯಾರಾದರೂ ಮನೆಯ ಮದುವೆಯನ್ನು ಊರ ಜೋಶಿಯಿಂದ ಮಾಡಿಸದೆ ಬೇರೆ ಪುರೋಹಿತನಿಂದ ಮಾಡಿಸಿದರೆ, ವತನದಾರ ಜೋಶಿಗೆ ದಕ್ಷಿಣೆ ಸಲ್ಲಬೇಕೋ ಬೇಡವೋ? ಸಲ್ಲಬೇಕು ಎಂಬುದೇ ಬಹುಕಾಲ ನ್ಯಾಯಾಲಯಗಳ ಉತ್ತರವಾಗಿತ್ತು. ಅದಕ್ಕೆ ಕಾರಣ, ಧರ್ಮಶಾಸ್ತ್ರದ ‘ನಿಬಂಧ’ ಎಂಬ ಕಲ್ಪನೆ: ವಂಶಪಾರಂಪರ್ಯವಾಗಿ, ನಿಗದಿಯಾಗಿ ಬರುವ ಆದಾಯ ಸ್ಥಿರಾಸ್ತಿಗೆ ಸಮಾನ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಹೈಕೋರ್ಟು ಇಂಥ ವೃತ್ತಿಗಳನ್ನು ಹಾಗೆಯೇ ನೋಡಿತು. ಎಂದರೆ, ನಿಮ್ಮ ಮನೆಯ ಮದುವೆಯಿಂದ ಹಣ ಪಡೆಯುವ ಹಕ್ಕು ಇನ್ನೊಬ್ಬರ ಮನೆಯ ಆಸ್ತಿ. ಅದು ತಂದೆಯಿಂದ ಮಗನಿಗೆ ಬರುತ್ತಿತ್ತು, ಅಣ್ಣತಮ್ಮಂದಿರಲ್ಲಿ ಪಾಲಾಗುತ್ತಿತ್ತು. ನೀವು ಕರೆದಿರೋ ಬಿಟ್ಟಿರೋ ಎಂಬುದು ಬೇರೆ ಮಾತು.

1873ರಲ್ಲಿ ಪುಣೆಯಲ್ಲಿ ಜೋತೀಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿದಾಗ ಈ ಪ್ರಶ್ನೆಗೆ ಬೆಂಕಿ ಹತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪುರೋಹಿತರಿಲ್ಲದ ಮೊದಲ ಮದುವೆ ನಡೆಯಿತು. ಆಮೇಲೆ ಹಳ್ಳಿಗಳಿಗೂ ಹಬ್ಬಿತು. ಜೋಶಿಗಳು ನ್ಯಾಯಾಲಯಕ್ಕೆ ಹೋದರು. ಎರಡೂ ಕಡೆಯ ವಾದದ ತಿರುಳನ್ನು ಇಂದು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಗ್ರಾಹಕ ಸೇವಾ ಕೇಂದ್ರದ ದೂರವಾಣಿಯಲ್ಲಿ ನಾವು ಆಡುವ ಮಾತೇ ಅದು. ಒಬ್ಬರೆಂದರು: ನಾನು ಈ ಊರಿಗಾಗಿಯೇ ಇದ್ದೇನೆ, ಕರೆದರೆ ಬರಲು ಸಿದ್ಧನಿದ್ದೆ, ನೀವು ಕರೆಯದೇ ಇದ್ದದ್ದು ನನ್ನ ತಪ್ಪಲ್ಲ, ನನ್ನ ಪಾವತಿ ಸಲ್ಲಿಸಿ. ಇನ್ನೊಬ್ಬರೆಂದರು: ನನಗೆ ಸೇವೆಯೇ ಸಿಕ್ಕಿಲ್ಲ, ಬೇಡವೆಂದೇ ಹೇಳಿದ್ದೆ, ಯಾವುದಕ್ಕೆ ಕೊಡಲಿ?

ಈ ಜಗಳ ಅರ್ಧ ಶತಮಾನಕ್ಕೂ ಹೆಚ್ಚು ನಡೆಯಿತು. ಕೊನೆಗೆ 1926ರಲ್ಲಿ ಮುಂಬಯಿ ಶಾಸನಸಭೆ, ಸೇವೆ ಮಾಡದ ಪುರೋಹಿತನಿಗೆ ದಕ್ಷಿಣೆ ಕೇಳುವ ಹಕ್ಕಿಲ್ಲ ಎಂಬ ಕಾಯ್ದೆ ತಂದಿತು. ಇದರ ಹಿಂದೆ ದುಡಿದವರು ಸೀತಾರಾಮ ಕೇಶವ ಬೋಲೆ. ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು 1923ರಲ್ಲಿ ಇದೇ ಸಭೆಯಲ್ಲಿ ಠರಾವು ಮಂಡಿಸಿದವರೂ ಅವರೇ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆಗಳು. ಹಾಗಾಗಿ ಇದು ಪರಊರಿನ ಕಥೆಯಲ್ಲ. ಎರಡು ವರ್ಷದ ನಂತರ, 1928ರಲ್ಲಿ, ಅದೇ ಶಾಸನಸಭೆಯಲ್ಲಿ ಅಂಬೇಡ್ಕರರು ಮಹಾರ ವತನದ ಬಗ್ಗೆ ಮಸೂದೆ ಮಂಡಿಸಿದರು. ಅದು ನಾಣ್ಯದ ಮತ್ತೊಂದು ಮುಖ: ಪುಡಿಗಾಸಿಗೆ ಹಗಲು ರಾತ್ರಿ ಸರ್ಕಾರಿ ಚಾಕರಿಗೆ ಕಟ್ಟುಬಿದ್ದವರು ಆ ಒಪ್ಪಂದದಿಂದ ಹೊರಬರುವ ಹಕ್ಕಿನ ಪ್ರಶ್ನೆ. ಜೋಶಿ ಕಾಯ್ದೆ ಗೆದ್ದಿತು, ಈ ಮಸೂದೆ ಆಗ ಗೆಲ್ಲಲಿಲ್ಲ. ಕೆಳಮಟ್ಟದ ಗ್ರಾಮವತನಗಳು ಹೋದದ್ದು ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದ ಮೇಲೆ. ಕೊಡುವವನು ಬಿಡುವುದು ಕಷ್ಟವಿತ್ತು. ದುಡಿಯುವವನು ಬಿಡುವುದು ಇನ್ನೂ ಕಷ್ಟವಿತ್ತು.

ಇತ್ತ ಪಟ್ಟಣಗಳಲ್ಲಿ ಇನ್ನೊಂದು ಬಗೆಯ ಒಪ್ಪಂದ ಬೆಳೆಯುತ್ತಿತ್ತು. ರೂಢಿಯದ್ದಲ್ಲ, ಮುದ್ರಿತ ಕಾಗದದ್ದು. ಅದಕ್ಕೆ ಅಡಿಪಾಯ 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಭಾರತೀಯ ಕರಾರು ಕಾಯ್ದೆ. ಇಂದಿಗೂ ನಮ್ಮ ನೀರಿನ ಫಿಲ್ಟರಿನ ಕರಾರು ನಿಂತಿರುವುದು ಅದರ ಮೇಲೆಯೇ. ಅದರ 74ನೇ ಕಲಮು ಎಲ್ಲ ಬಾಡಿಗೆದಾರರೂ ಬಾಯಿಪಾಠ ಮಾಡಬೇಕಾದದ್ದು. ಕರಾರು ಮುರಿದರೆ ಇಷ್ಟು ಹಣ ಎಂದು ಕಾಗದದಲ್ಲಿ ಬರೆದಿದ್ದರೂ, ಮುರಿದವನು ಅಷ್ಟನ್ನೂ ಕೊಡಬೇಕಾಗಿಲ್ಲ. ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. ಇಂಗ್ಲೆಂಡಿನ ಕಾನೂನಿನಲ್ಲಿ ಇದು ನಷ್ಟದ ಮುನ್ನಂದಾಜೋ, ಹೆದರಿಸಲು ಹಾಕಿದ ದಂಡವೋ ಎಂದು ಕೂದಲು ಸೀಳುವ ಚರ್ಚೆಯಿತ್ತು. ನಮ್ಮ ಕಾಯ್ದೆ ಆ ಗೋಜಲನ್ನೇ ಬದಿಗಿಟ್ಟಿತು.

1963ರಲ್ಲಿ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ದೆಹಲಿಯ ಒಂದು ಆಸ್ತಿ ಮಾರಾಟ ಅರ್ಧಕ್ಕೆ ನಿಂತಾಗ ಮಾರಾಟಗಾರ ಕೊಳ್ಳುವವನ 25,000 ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ನೋಡಿದ್ದ. 1,000 ರೂಪಾಯಿಯ ಮುಂಗಡ ಬಿಟ್ಟರೆ ಉಳಿದದ್ದಕ್ಕೆ ಆ ಷರತ್ತು ನಿಲ್ಲಲಿಲ್ಲ. 2015ರಲ್ಲಿ ಕೈಲಾಸನಾಥ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ, ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದಿತು. ಹಾಗಿದ್ದರೆ ‘ಅವಧಿಗೆ ಮುನ್ನ ರದ್ದತಿ ಶುಲ್ಕ’ ಎಂದು ಕಣ್ಣುಮುಚ್ಚಿ ಕತ್ತರಿಸುವವರಿಗೆ ಈ ತೀರ್ಪುಗಳು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಆರುನೂರು ರೂಪಾಯಿಗೆ ಯಾರೂ ಸುಪ್ರೀಂ ಕೋರ್ಟಿನ ತೀರ್ಪು ಹಿಡಿದುಕೊಂಡು ಬರುವುದಿಲ್ಲ ಎಂಬುದೂ ಗೊತ್ತಿದೆ.

ಮುದ್ರಿತ ಕಾಗದ ಇನ್ನೊಂದು ತೊಂದರೆ ತಂದಿತು, ಓದಿನದು. 1880ರ ಹೊತ್ತಿಗೆ ಕಲಕತ್ತೆಯಲ್ಲಿ ಒಂದು ಪ್ರಕರಣ ನಡೆಯಿತು. ಪ್ರಯಾಣಿಕನೊಬ್ಬ ಫ್ರೆಂಚ್ ಹಡಗು ಕಂಪನಿಯ ಟಿಕೆಟ್ ಕೊಂಡಿದ್ದ, ಷರತ್ತುಗಳೆಲ್ಲ ಫ್ರೆಂಚಿನಲ್ಲಿ. ತನಗೆ ಆ ಭಾಷೆಯೇ ಬರದು ಎಂದು ವಾದಿಸಿದ. ನ್ಯಾಯಾಲಯ ಒಪ್ಪಲಿಲ್ಲ, ಅರ್ಥ ಮಾಡಿಸಿಕೊಳ್ಳಲು ನಿನಗೆ ಅವಕಾಶವಿತ್ತು, ಮಾಡಿಸಿಕೊಳ್ಳಲಿಲ್ಲ ಎಂದಿತು. ಇಂಗ್ಲಿಷ್, ಹಿಂದಿ, ಮರಾಠಿ, ತೆಲುಗು, ತಮಿಳು ಕಾಗದಗಳಿಗೆ ಸಹಿ ಹಾಕುತ್ತ ಬದುಕುವ ನಮಗೆ ಈ ತೀರ್ಪು ಕಹಿಯಾಗಿಯೇ ಇದೆ. ಆದರೂ ಅಂದಿನ ಪ್ರಯಾಣಿಕನ ಕೈಯಲ್ಲಿ ಇಡೀ ಒಪ್ಪಂದ ಒಂದು ಹಾಳೆಯಲ್ಲಿ ಇತ್ತು ಎಂಬುದನ್ನು ಮರೆಯಬಾರದು. ಇಂದು ‘ನಿಯಮಗಳಿಗೆ ಒಪ್ಪಿದ್ದೇನೆ’ ಎಂಬ ಚೌಕಕ್ಕೆ ನಾವು ಗುರುತು ಹಾಕುವಾಗ ನಿಯಮಗಳು ಬೇರೆಲ್ಲೋ ಇರುತ್ತವೆ, ನಾಳೆ ಬೇರೆಯೇ ಆಗಿರಬಹುದು.

ಎಲ್ಲ ತೀರ್ಪುಗಳೂ ಹೀಗಿರಲಿಲ್ಲ. ಚೆನ್ನೈನ ಓದುಗರಿಗೆ ಇಷ್ಟವಾಗುವ ಒಂದನ್ನು ಹೇಳಲೇಬೇಕು. 1966ರ ಕಾನೂನು ವರದಿಗಳಲ್ಲಿರುವ ಮದರಾಸು ಹೈಕೋರ್ಟಿನ ಪ್ರಕರಣ, ಲಿಲಿ ವೈಟ್ ಎಂಬ ಲಾಂಡ್ರಿಯದು. ಒಗೆಯಲು ಕೊಟ್ಟ ಹೊಸ ಸೀರೆ ಕಳೆದುಹೋಯಿತು. ರಸೀದಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿತ್ತು: ಬಟ್ಟೆ ಕಳೆದರೆ ಬೆಲೆಯ ಒಂದು ಸಣ್ಣ ಪಾಲು ಮಾತ್ರ ಕೊಡಲಾಗುವುದು. ಈ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ, ಲೆಕ್ಕಕ್ಕಿಲ್ಲ ಎಂದಿತು ನ್ಯಾಯಾಲಯ. ಇಂಥ ಷರತ್ತು ನಿಂತರೆ ಲಾಂಡ್ರಿಯವರು ಹೊಸ ಬಟ್ಟೆಗಳನ್ನು ಪುಡಿಗಾಸಿಗೆ ತಮ್ಮದಾಗಿಸಿಕೊಳ್ಳಲು ದಾರಿಯಾಗುತ್ತದೆ ಎಂಬ ಸಾಮಾನ್ಯ ಬುದ್ಧಿಯ ವಿಚಾರ ಅದರ ಹಿಂದಿತ್ತು. ಒಂದು ಸೀರೆಗಾಗಿ ಹೈಕೋರ್ಟಿನವರೆಗೆ ನಡೆದ ಈ ವ್ಯಾಜ್ಯವನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ.

ಸ್ವತಂತ್ರ ಭಾರತದ ಮೊದಲ ನಾಲ್ಕು ದಶಕಗಳಲ್ಲಿ ನಗರದ ಮನೆಗಳ ಕಷ್ಟ ಬಿಡುವುದರದ್ದಲ್ಲ, ಸಿಗುವುದರದ್ದು. ಟೆಲಿಫೋನಿಗೆ ವರ್ಷಗಟ್ಟಲೆ ಸರದಿ. ಹೆಚ್ಚು ಹಣ ಕಟ್ಟಿದವರಿಗೆ ‘ಓನ್ ಯುವರ್ ಟೆಲಿಫೋನ್’ ಎಂಬ ಬೇರೆ ಸಾಲು. ಆ ಸಾಲಿನಲ್ಲೂ ಕಾಯಬೇಕು. ಮುಂಬಯಿ, ದೆಹಲಿಗಳಿಗೆಂದು 1986ರ ಏಪ್ರಿಲ್ 1ರಿಂದ ಎಂಟಿಎನ್‌ಎಲ್ ಬಂದ ಮೇಲೂ ಸರದಿ ಕೂಡಲೇ ಕರಗಲಿಲ್ಲ. 1980ರ ದಶಕದ ಆರಂಭದಲ್ಲಿ, ಫೋನು ಕೆಟ್ಟಿದೆಯೆಂದು ಸಂಸತ್ತಿನಲ್ಲಿ ಕೂಗಾಡಿದವರಿಗೆ ಸಂಪರ್ಕ ಸಚಿವರೊಬ್ಬರು, ಬೇಡವಾದವರು ವಾಪಸು ಕೊಡಬಹುದು, ಕಾಯುವವರು ಬಹಳ ಮಂದಿ ಇದ್ದಾರೆ ಎಂಬ ಧಾಟಿಯಲ್ಲಿ ಉತ್ತರಿಸಿದರಂತೆ. ಈ ಕಥೆಯನ್ನು ಬಹಳ ಜನ ಹೇಳಿದ್ದಾರೆ. ಹೇಳುವವರೆಲ್ಲ ಅದನ್ನು ದರ್ಪಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ದರ್ಪ ಹೌದು. ಆದರೆ ಇಂದಿನ ಯಾವ ಇಂಟರ್ನೆಟ್ ಕಂಪನಿಯ ಬಾಯಲ್ಲಾದರೂ ‘ಬೇಡವಾದರೆ ವಾಪಸು ಕೊಡಿ’ ಎಂಬ ಮಾತು ಕೇಳಿದ್ದೀರಾ? ಹೊರಗಿನ ಬಾಗಿಲನ್ನು ಆಗ ಯಾರೂ ಕಾಯುತ್ತಿರಲಿಲ್ಲ. ಕಾವಲೆಲ್ಲ ಒಳಬಾಗಿಲಿಗೆ.

ಅಡುಗೆ ಅನಿಲದ ಕಥೆ ಇನ್ನೂ ಸ್ವಾರಸ್ಯ. 1950ರ ದಶಕದ ಮಧ್ಯದಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ ಬರ್ಶೇನ್ ಹೆಸರಿನಲ್ಲಿ ಸಿಲಿಂಡರ್ ಮಾರತೊಡಗಿತು. 1965ರಲ್ಲಿ ಕಲಕತ್ತೆಯಲ್ಲಿ ಇಂಡೇನ್ ಶುರುವಾಯಿತು. ಇಲ್ಲೂ ವರ್ಷಗಳ ಸರದಿ, ಶಿಫಾರಸು ಪತ್ರ. ಆದರೆ ಬಿಡುವಾಗ? ಸಿಲಿಂಡರು, ರೆಗ್ಯುಲೇಟರು ಹಿಂದಿರುಗಿಸಿದರೆ ಠೇವಣಿ ವಾಪಸು, ಜೊತೆಗೊಂದು ಟರ್ಮಿನೇಶನ್ ವೌಚರ್. ಆ ವೌಚರನ್ನು ಹೊಸ ಊರಿನ ಏಜೆನ್ಸಿಯಲ್ಲಿ ತೋರಿಸಿದರೆ ಸರದಿಯಿಲ್ಲದೆ ಹೊಸ ಸಂಪರ್ಕ. ಬಿಟ್ಟುಬಂದದ್ದಕ್ಕೆ ಸಿಕ್ಕ ಕಾಗದವೇ ಮುಂದಿನ ಊರಿನಲ್ಲಿ ಒಳಗೆ ಬಿಡುವ ಕಾಗದ. ವರ್ಗಾವರ್ಗಿಯ ಬ್ಯಾಂಕು, ರೈಲ್ವೆ ಕುಟುಂಬಗಳಲ್ಲಿ ಈ ವೌಚರು ಮಕ್ಕಳ ಟಿ.ಸಿ.ಯ ಜೊತೆಗೆ ಅದೇ ಫೈಲಿನಲ್ಲಿ ಪ್ರಯಾಣ ಮಾಡುತ್ತಿತ್ತು. ಊರು ಬದಲಿಸುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಮನೆಬಳಕೆಯ ಒಪ್ಪಂದ ನನಗೆ ತಿಳಿದಂತೆ ಇದೊಂದೇ. ಸರ್ಕಾರಿ ಕಾಲವನ್ನು ಸುಮ್ಮನೆ ಹೊಗಳುತ್ತಿಲ್ಲ. ಅಲ್ಲೂ ಅಡಗಿದ ಶುಲ್ಕವಿತ್ತು: ಇಪ್ಪತ್ತು ವರ್ಷ ಇಟ್ಟ ಠೇವಣಿ ಬಡ್ಡಿಯಿಲ್ಲದೆ, ವೌಚರಿನಲ್ಲಿ ಬರೆದ ಅಂಕಿಯಷ್ಟೇ ಮರಳುತ್ತದೆ. ಹಣದುಬ್ಬರ ತಿಂದದ್ದನ್ನು ಯಾರೂ ರಸೀದಿಯಲ್ಲಿ ಬರೆಯುವುದಿಲ್ಲ.

1991ರ ನಂತರ ಎಲ್ಲ ತಲೆಕೆಳಗಾಯಿತು. ಕೊಲ್ಲಿ ಯುದ್ಧದ ಹೊತ್ತಿಗೆ ಬಂದ ಕೇಬಲ್ಲು ಆರಂಭದಲ್ಲಿ ಹಾಲಿನವನ ವರ್ತನೆಯಂತೆಯೇ ಇತ್ತು. ತಿಂಗಳ ಮೊದಲ ವಾರ ಹುಡುಗ ಬರುತ್ತಿದ್ದ. ಬೇಡ ಎಂದರೆ ವೈರು ಎಳೆದುಕೊಂಡು ಹೋಗುತ್ತಿದ್ದ. ಪೆಟ್ಟಿಗೆ ಬಂದ ಮೇಲೆ ಬದಲಾಯಿತು. 2003ರ ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ಸೆಟ್‌ಟಾಪ್ ಪೆಟ್ಟಿಗೆ ಕಡ್ಡಾಯದ ವ್ಯವಸ್ಥೆ ಬಂತು, ಅದೇ ವರ್ಷ ಮನೆಮಾಳಿಗೆಯ ಡಿಶ್ಶೂ ಬಂತು. ಪೆಟ್ಟಿಗೆಗೆ ಬೆಲೆಯಿದೆ, ಗಿರಾಕಿ ಅಷ್ಟು ಕೊಡಲಾರ. ಆದ್ದರಿಂದ ಕಂಪನಿ ಅದನ್ನು ಕಡಿಮೆಗೆ ಕೊಟ್ಟು, ಮಾರಾಟದ ಏಜೆಂಟನ ಕಮಿಷನ್ನನ್ನೂ ತಾನೇ ಹೊತ್ತು, ತಿಂಗಳ ಬಾಡಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ವಸೂಲಿ ಮಾಡುತ್ತದೆ. ಐದನೇ ತಿಂಗಳಿಗೆ ನೀವು ಹೊರಟುಬಿಟ್ಟರೆ ಅದಕ್ಕೆ ನಿಜವಾಗಿ ನಷ್ಟ. ಲೆಕ್ಕಪತ್ರದವನಾಗಿ ಈ ಮಟ್ಟಿಗೆ ನಾನು ಅವರ ಪರ. ಉಳಿದ ನಷ್ಟಕ್ಕೆ ಸಮನಾದ ಶುಲ್ಕ, ತಿಂಗಳು ಕಳೆದಂತೆ ಇಳಿಯುತ್ತ ಹೋಗುವ ಶುಲ್ಕ, ಮೊದಲೇ ಕಣ್ಣಿಗೆ ಕಾಣುವಂತೆ ಹೇಳಿದ ಶುಲ್ಕ: ಇದಕ್ಕೆ ಯಾರೂ ತಕರಾರು ತೆಗೆಯಬಾರದು. ನನ್ನ ತಕರಾರು ಪೆಟ್ಟಿಗೆಯ ಬೆಲೆಯೆಲ್ಲ ತೀರಿದ ಮೇಲೂ ಉಳಿಯುವ ಶುಲ್ಕದ ಬಗ್ಗೆ. ಅದು ನಷ್ಟ ಭರ್ತಿಯಲ್ಲ. ಅದು ಜೋಶಿಯ ವತನ.

ಪುಣೆಯ ಕೋಥ್ರೂಡಿನ ಮನೆಯಲ್ಲಿ ನಾವು ನೀರಿನ ಶುದ್ಧೀಕರಣ ಯಂತ್ರವೊಂದನ್ನು ಬಾಡಿಗೆಗೆ ಇಟ್ಟುಕೊಂಡಿದ್ದೆವು. ಕಂಪನಿಯ ಹೆಸರು ಬೇಡ. ಎಲ್ಲವೂ ಹೆಚ್ಚು ಕಡಿಮೆ ಹೀಗೆಯೇ. 1,500 ರೂಪಾಯಿ ‘ಪೂರ್ಣ ಮರುಪಾವತಿಯ’ ಠೇವಣಿ. ಎರಡೂವರೆ ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದೆವು. ಸಿಕಂದರಾಬಾದಿಗೆ ಹೊರಟಾಗ ರದ್ದು ಮಾಡಲು ಹೋದರೆ ಆ್ಯಪಿನಲ್ಲಿ ಅದಕ್ಕೆ ಗುಂಡಿಯೇ ಇಲ್ಲ. ಯೋಜನೆ ಏರಿಸಲು ಇದೆ, ಸ್ನೇಹಿತರನ್ನು ಸೇರಿಸಲು ಇದೆ. ಫೋನು ಮಾಡಬೇಕು, ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ. ಕನ್ನಡಕ್ಕೆ ನಾಲ್ಕು ಒತ್ತಿದೆ. ಹುಬ್ಬಳ್ಳಿ ಕಡೆಯ ಮಾತಿನ ಹುಡುಗಿಯೊಬ್ಬಳು ಬಹಳ ಅಕ್ಕರೆಯಿಂದ ಮಾತಾಡಿದಳು. ಎಲ್ಲ ಕೇಳಿಸಿಕೊಂಡು, ‘ಸರ್, ಹೊಸಾ ಕನೆಕ್ಷನ್ ಆದ್ರ ನಾನ ಮಾಡಿಕೊಡ್ತಿದ್ದೆ. ಕ್ಯಾನ್ಸಲ್‌ದು ಹಿಂದಿ, ಇಂಗ್ಲಿಷ್‌ನ್ಯಾಗ ಅಷ್ಟ ಐತ್ರಿ’ ಎಂದಳು. ಒಳಬರಲು ಎಂಟು ಭಾಷೆ, ಹೊರಹೋಗಲು ಎರಡು. ಆ ಕಲಕತ್ತೆಯ ಪ್ರಯಾಣಿಕ ನೆನಪಾದ.

ನಾಲ್ಕನೆಯ ಕರೆಗೆ ರದ್ದಾಯಿತು. ಒಂದು ವಾರದ ನಂತರ ಲೆಕ್ಕ ಬಂತು: ಯಂತ್ರ ಕಳಚುವ ಶುಲ್ಕ 499, ಸಾಗಣೆ 350, ಫಿಲ್ಟರ್ ಸವೆತ 600. ಒಟ್ಟು 1,449. ಅದಕ್ಕೆ ಶೇಕಡಾ 18 ತೆರಿಗೆ 260 ರೂಪಾಯಿ 82 ಪೈಸೆ. ಎಲ್ಲ ಸೇರಿ 1,709 ರೂಪಾಯಿ 82 ಪೈಸೆ. ಠೇವಣಿ ಕಳೆದು ನಾನೇ ಅವರಿಗೆ 209 ರೂಪಾಯಿ 82 ಪೈಸೆ ಕೊಡಬೇಕಂತೆ! ತಿಂಗಳ ಬಾಡಿಗೆಯಲ್ಲಿ ಫಿಲ್ಟರ್ ಬದಲಾವಣೆಯೂ ಸೇರಿದೆ ಎಂದು ಅವರದೇ ಜಾಹೀರಾತು ಹೇಳುತ್ತಿತ್ತು. ಹಾಗಿದ್ದ ಮೇಲೆ ಅದರ ಸವೆತವನ್ನು ಮತ್ತೆ ಮಾರಿದ್ದು ಹೇಗೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಅದೂ ಕನ್ನಡದಲ್ಲಿ. ಮೂರು ವಾರದ ಮೇಲೆ ಒಂದು ಮಧ್ಯಾಹ್ನ, ವಿವರಣೆ ಏನೂ ಇಲ್ಲದೆ, ಖಾತೆಗೆ 1,001 ರೂಪಾಯಿ ಬಿತ್ತು. ಕಳಚುವ ಶುಲ್ಕ ಹಿಡಿದುಕೊಂಡು ಉಳಿದದ್ದು ಕೊಟ್ಟಿದ್ದರು. ಮದುವೆ ಮನೆಯ ಮುಯ್ಯಿಯ ಹಾಗಿತ್ತು. ಹೆಂಡತಿ, ‘ಅಕ್ಷತೆ ಹಾಕಿದ್ದಾರಾ ನೋಡಿ’ ಎಂದಳು.

ದೂರು ಕೊಟ್ಟದ್ದರಿಂದ ಸಿಕ್ಕಿತು. ಕೊಡದವರ ಲೆಕ್ಕ ಏನಾಯಿತು ಎಂಬುದೇ ಮುಖ್ಯ ಪ್ರಶ್ನೆ. ಊರು ಬಿಟ್ಟು ಹೋಗುತ್ತಿರುವವನು ಇನ್ನೂರು ಮುನ್ನೂರಕ್ಕೆ ಜಗಳ ಆಡುವುದಿಲ್ಲ; ಅವನಿಗೆ ರೈಲು ಹಿಡಿಯಬೇಕು, ಮಕ್ಕಳ ಶಾಲೆ ನೋಡಬೇಕು. ಈ ವ್ಯಾಪಾರ ನಿಂತಿರುವುದೇ ನಮ್ಮ ಅವಸರದ ಮೇಲೆ. ಬಾಡಿಗೆ ಸಾಮಾನುಗಳಿಗೆ ಮುಖ್ಯ ಗಿರಾಕಿಗಳು ವಲಸಿಗರು, ರದ್ದತಿ ಶುಲ್ಕ ಹೆಚ್ಚು ಕಟ್ಟುವವರೂ ವಲಸಿಗರು.

ಕಾನೂನು ಈ ವಿಷಯಕ್ಕೆ ಬಂದದ್ದು ನಿಧಾನವಾಗಿ, ಅಡ್ಡಾದಿಡ್ಡಿಯಾಗಿ. 1984ರಲ್ಲಿಯೇ ಕಾನೂನು ಆಯೋಗ ತನ್ನ 103ನೇ ವರದಿಯಲ್ಲಿ, ಅನ್ಯಾಯದ ಷರತ್ತುಗಳನ್ನು ನ್ಯಾಯಾಲಯ ತಳ್ಳಿಹಾಕುವಂತೆ ಕರಾರು ಕಾಯ್ದೆಗೆ ಹೊಸ ಕಲಮು ಸೇರಿಸಿ ಎಂದಿತ್ತು. ಸೇರಿಸಲಿಲ್ಲ. 1986ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಸೇವೆಯ ಕೊರತೆ ಇತ್ತು, ಅನ್ಯಾಯದ ಕರಾರು ಎಂಬ ಮಾತಿರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು, ಟೆಲಿಫೋನಿನ ತಕರಾರುಗಳು ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಪಂಚಾಯ್ತಿಗೆ ಹೋಗಬೇಕು, ಗ್ರಾಹಕ ವೇದಿಕೆಗಲ್ಲ ಎಂದುಬಿಟ್ಟಿತು. ಇಡೀ ದೇಶ ಮೊಬೈಲು ಕೊಂಡುಕೊಳ್ಳುತ್ತಿದ್ದ ಹೊತ್ತಿನಲ್ಲಿ ಈ ಬಾಗಿಲು ಮುಚ್ಚಿತು. ಮತ್ತೆ ನಿಸ್ಸಂದೇಹವಾಗಿ ತೆರೆದದ್ದು 2022ರ ಫೆಬ್ರವರಿ 16ರ ತೀರ್ಪಿನಲ್ಲಿ.

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ ಕೊನೆಗೂ ‘ಅನ್ಯಾಯದ ಕರಾರು’ ಬಂತು, ಆ 103ನೇ ವರದಿಯಾಗಿ 35 ವರ್ಷಕ್ಕೆ. ವಿಪರೀತ ಠೇವಣಿ ಕೇಳುವುದು, ಆದ ನಷ್ಟಕ್ಕೆ ತಾಳೆಯಿಲ್ಲದ ದಂಡ ಹಾಕುವುದು, ಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುಗಿಸುವ ಹಕ್ಕು ಇಟ್ಟುಕೊಳ್ಳುವುದು ಎಲ್ಲ ಅದರೊಳಗಿದೆ. ನಮ್ಮಂಥವರಿಗೆ ಇನ್ನೂ ಮುಖ್ಯವಾದದ್ದು ಸ್ಥಳದ ವಿಚಾರ. ಹಳೆಯ ಕಾಯ್ದೆಯಲ್ಲಿ ಕಂಪನಿಯ ಕಚೇರಿ ಇದ್ದಲ್ಲಿ ಅಥವಾ ತಕರಾರು ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. ಪುಣೆಯ ಜಗಳಕ್ಕೆ ಪುಣೆಗೇ ಹೋಗಬೇಕು. ಈಗ ದೂರುದಾರ ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ಕೊಡಬಹುದು. ಸಿಕಂದರಾಬಾದಿಗೆ ಬಂದವನು ಹೈದರಾಬಾದಿನಲ್ಲೇ ಕೇಳಬಹುದು. ಟರ್ಮಿನೇಶನ್ ವೌಚರಿನ ನಂತರ ಊರು ಬದಲಿಸುವವನನ್ನು ನೆನೆಸಿಕೊಂಡ ಎರಡನೆಯ ಕಾಗದ ಇದು.

ಬೇರೆ ಕಡೆಯಿಂದಲೂ ಸ್ವಲ್ಪ ಬಿಗಿಯಾಗಿದೆ. 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಚಂದಾಗಳಿಗೆ 24 ಗಂಟೆ ಮುಂಚೆ ತಿಳಿಸಲೇಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಾಯಿತು. ಆ ಸಂದೇಶದಿಂದಲೇ ಎಷ್ಟೋ ಜನಕ್ಕೆ ತಾವು ಏನೇನಕ್ಕೆ ಚಂದಾದಾರರು ಎಂಬುದು ಗೊತ್ತಾದದ್ದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಹೊರಬರಲಾಗದಂತೆ ಮಾಡುವ ಚಂದಾಬಲೆ, ಕೊನೆಯ ಹೆಜ್ಜೆಯವರೆಗೂ ಪೂರ್ತಿ ಬೆಲೆ ತೋರಿಸದಿರುವುದು ಎರಡೂ ಪಟ್ಟಿಯಲ್ಲಿವೆ.

ಆದರೆ 2019ರ ಕಾಯ್ದೆಯಲ್ಲಿ ಒಂದು ಮುಳ್ಳು ಉಳಿದಿದೆ, ಬಹಳ ಮಂದಿ ಗಮನಿಸದ್ದು. ಕಂಪನಿ ಸೇವೆ ಸರಿಯಾಗಿ ಕೊಡಲಿಲ್ಲ, ಠೇವಣಿ ಹಿಡಿದುಕೊಂಡಿತು ಎಂದು ದೂರಿದರೆ ಜಿಲ್ಲಾ ಆಯೋಗ ಕೇಳುತ್ತದೆ. ಕರಾರೇ ಅನ್ಯಾಯದ್ದು, ಆ ಷರತ್ತನ್ನೇ ರದ್ದು ಮಾಡಿ ಎಂದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿಲ್ಲ. ರಾಜ್ಯ ಆಯೋಗಕ್ಕೆ ಹೋಗಬೇಕು. ಅಲ್ಲಿ ಹತ್ತು ಕೋಟಿ ರೂಪಾಯಿವರೆಗಿನ ವ್ಯವಹಾರದ ಕರಾರುಗಳನ್ನು ಪ್ರಶ್ನಿಸಬಹುದು ಎಂದು ಕಾಯ್ದೆ ಹೇಳುತ್ತದೆ. ಕೆಳಗಿನ ಮಿತಿ ಇಲ್ಲ. ಹಾಗಾಗಿ ಫಿಲ್ಟರಿನ ಆರುನೂರು ರೂಪಾಯಿಯ ಷರತ್ತೂ, ಬಿಲ್ಡರನ ಒಂಬತ್ತು ಕೋಟಿಯ ಫ್ಲಾಟಿನ ಷರತ್ತೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಬಿಡಿ ಬಿಡಿಯಾಗಿ ನನಗೆ ನನ್ನ ಐನೂರು, ನಿಮಗೆ ನಿಮ್ಮ ಆರುನೂರು ವಾಪಸು ಸಿಗುತ್ತದೆ. ಷರತ್ತು ಮಾತ್ರ ಮುಂದಿನ ಬಾಡಿಗೆದಾರನಿಗಾಗಿ ಅಲ್ಲಿಯೇ ಇರುತ್ತದೆ. 1926ರ ಮುಂಚೆಯೂ ಹೀಗೆಯೇ ಒಂದೊಂದು ಮದುವೆಗೆ ಒಂದೊಂದು ವ್ಯಾಜ್ಯ ನಡೆಯುತ್ತಿತ್ತು.

ಓದುಗರಲ್ಲಿ ಒಂದು ಕೋರಿಕೆ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯವರ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಜೋಶಿ ಹಕ್ಕಿನ ಪಾವತಿ, ಆಯದ ಲೆಕ್ಕ, ವತನದ ಪಾಲುಪತ್ರ ಏನಾದರೂ ಇದ್ದರೆ ಫೋಟೋ ತೆಗೆದು ಸಂಪಾದಕರಿಗೆ ಕಳಿಸಿ. ಮೋಡಿ ಲಿಪಿಯಲ್ಲಿದ್ದರೂ ಅಡ್ಡಿಯಿಲ್ಲ, ಪುಣೆಯಲ್ಲಿ ಓದಿಕೊಡುವವರಿದ್ದಾರೆ. 1970, 80ರ ದಶಕದ ಟರ್ಮಿನೇಶನ್ ವೌಚರುಗಳಿದ್ದರೆ ಅವೂ ಬೇಕು.